ಐಹೊಳೆಯ ಬ್ರಹ್ಮ, ಮುಂಬೈಯ ಗೋಡೆ

ಐಹೊಳೆಯ ಗುಡಿಯಲ್ಲಿ ಕತ್ತೆತ್ತಿ ನೋಡಬೇಕಿದ್ದ ಬ್ರಹ್ಮನನ್ನು ಮುಂಬೈಯಲ್ಲಿ ಎದುರಿಗೇ ನಿಂತು ನೋಡಬಹುದು. ದಕ್ಷಿಣ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದ ಶಿಲ್ಪ ವಿಭಾಗದಲ್ಲಿ, ಬಾದಾಮಿ ಚಾಲುಕ್ಯರ ಕಾಲದ ಶಿಲ್ಪಿಗಳು ಛಾವಣಿಗೆಂದೇ ಕಡೆದ ದೊಡ್ಡ ಹಾಸುಗಲ್ಲುಗಳಿವೆ. ಒಂದರಲ್ಲಿ ಋಷಿಗಳ ನಡುವೆ ಕುಳಿತ ಬ್ರಹ್ಮ, ಇನ್ನೊಂದರಲ್ಲಿ ಶೇಷನ ಮೇಲೆ ಒರಗಿದ ವಿಷ್ಣು, ಮತ್ತೊಂದರಲ್ಲಿ ಪಾರ್ವತಿಯೊಡನೆ ಶಿವ. ಮುಂಬೈಗೆ ಬರುವ ನಮ್ಮವರಲ್ಲಿ ಬಹುಪಾಲು ಜನ ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಜುಹೂ ಬೀಚು, ಸಾಧ್ಯವಾದರೆ ನಟರೊಬ್ಬರ ಬಂಗಲೆಯ ಗೇಟು ನೋಡಿಕೊಂಡು ರೈಲು ಹತ್ತುತ್ತಾರೆ. ಗೇಟ್‌ವೇಯಿಂದ ಐದಾರು ನಿಮಿಷ ನಡೆದರೆ ಸಿಗುವ ಈ ಕಲ್ಲುಗಳ ಕಡೆ ತಲೆ ಹಾಕುವವರು ಕಡಿಮೆ.

ನನ್ನ ಧಾರವಾಡದ ಹಾಸ್ಟೆಲ್ ಗೆಳೆಯ ಬಂದದ್ದು ಮಾತ್ರ ಈ ಕಲ್ಲುಗಳಿಗಾಗಿಯೇ. ಹುನಗುಂದದ ಕಡೆಯವನು, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ನಮ್ಮ ಬಳಗದಲ್ಲಿ ಅವನಿಗೆ ಕಾಲೇಜಿನಿಂದಲೂ 'ಮಾಸ್ತರ' ಎಂದೇ ಹೆಸರು. ಪ್ರತಿವರ್ಷ ಮಕ್ಕಳನ್ನು ಐಹೊಳೆಗೆ ಕರೆದೊಯ್ದು ಗುಡಿಗುಡಿ ತಿರುಗಿಸಿದವನಿಗೆ, ಆ ಊರಿನ ಒಂದು ಪಾಲು ಮುಂಬೈಯಲ್ಲಿದೆ ಎಂಬುದು ಪುಸ್ತಕದಿಂದ ಮಾತ್ರ ಗೊತ್ತಿತ್ತು. ಫೋನಿನಲ್ಲೇ ಕಂಡೀಷನ್ ಹಾಕಿದ: "ನನಗ ಸಮುದ್ರ ತೋರಸಬ್ಯಾಡ, ಸಿನಿಮಾದವರ ಮನಿ ತೋರಸಬ್ಯಾಡ. ನಮ್ಮೂರ ಕಲ್ಲು ತೋರಸು. ಆಮ್ಯಾಲೆ ಹೊತ್ತು ಉಳದ್ರ ನಿಮ್ಮ ಮುಂಬೈ ನೋಡೂಣು."

ಅವನ ಜೊತೆ ತಿರುಗಿದ ಆ ದಿನ ಇಡೀ ನಮ್ಮ ಜೊತೆಗಿದ್ದದ್ದು ಒಂದೇ ಪ್ರಶ್ನೆ: ಇದು ಇಲ್ಲಿಗೆ ಹೇಗೆ ಬಂತು? ಪೇಟೆ ನೋಡಲು, ಅದರಲ್ಲೂ ವಸ್ತುಸಂಗ್ರಹಾಲಯ ನೋಡಲು, ಇದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೋರಿಬಂದರದಿಂದ ಕಾಳಾ ಘೋಡಾಗೆ

ಗದಗದ ಕಡೆಯಿಂದ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ ಹಾದು ಬರುವ ರೈಲು ಮುಂಬೈ ಮುಟ್ಟುವುದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ. ಹಳಬರ ಬಾಯಲ್ಲಿ ಇದು ಈಗಲೂ ವೀಟಿ, ಇನ್ನೂ ಹಳಬರಿಗೆ ಬೋರಿಬಂದರ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಯ ಕಡೆಗೆ ಹೊರಟದ್ದು ಇದೇ ಬೋರಿಬಂದರದಿಂದ. ಕ್ರಮಿಸಿದ ದೂರ 34 ಕಿಲೋಮೀಟರ್. ಈಗಿನ ಕಟ್ಟಡ ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯದು. 1878ರಲ್ಲಿ ಶುರುವಾದ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಿಂದ ಇದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ.

ದಿನಕ್ಕೆ ಲಕ್ಷಾಂತರ ಜನ ತಲೆ ತಗ್ಗಿಸಿಕೊಂಡು ಓಡುವ ಈ ನಿಲ್ದಾಣದಲ್ಲಿ ತಲೆಯೆತ್ತಿದರೆ ಸಾಕು, ಕಲ್ಲಿನ ನವಿಲು, ಮಂಗ, ಹಲ್ಲಿ, ಎಲೆಬಳ್ಳಿಗಳು ಕಾಣುತ್ತವೆ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ: ಸಿಂಹ ಬ್ರಿಟನ್ನಿನ ಗುರುತು, ಹುಲಿ ಭಾರತದ್ದು. ಅಲಂಕಾರದ ಕೆತ್ತನೆಯಲ್ಲಿ ಬೊಂಬಾಯಿಯ ಕಲಾಶಾಲೆಯ, ಅಂದರೆ ಈಗಿನ ಜೆ. ಜೆ. ಸ್ಕೂಲ್ ಆಫ್ ಆರ್ಟಿನ, ವಿದ್ಯಾರ್ಥಿಗಳ ಕೈಯಿದೆ. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದರಷ್ಟೇ ಕಟ್ಟಡ ಪೂರ್ತಿ ಕಾಣುವುದು. ಮಾಸ್ತರ ಹೆಗಲ ಚೀಲವನ್ನೂ ಇಳಿಸದೆ ನಿಂತು ನೋಡಿದ.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆಯುವುದೇ ಒಂದು ನೋಟ. ಎರಡೂ ಬದಿಯ ಕಟ್ಟಡಗಳ ಕೆಳಗೆ ಉದ್ದಕ್ಕೂ ಕಮಾನಿನ ಪಡಸಾಲೆ. ಮಳೆ ಬಿಸಿಲಿಗೆ ನೆರಳು, ಪುಟಪಾತಿನ ವ್ಯಾಪಾರಿಗಳಿಗೆ ಅಂಗಡಿ. ರಸ್ತೆ ಮುಗಿಯುವಲ್ಲಿ 1864ರ ಫ್ಲೋರಾ ಕಾರಂಜಿ, ಅದರ ಪಕ್ಕದಲ್ಲೇ ಹುತಾತ್ಮರ ಸ್ಮಾರಕ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ್ದು. ಅದಕ್ಕೇ ಈ ಜಾಗ ಹುತಾತ್ಮಾ ಚೌಕ. ಕನ್ನಡಿಗರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಕಟ್ಟುವ ಅದೇ ಹೋರಾಟದ ಇನ್ನೊಂದು ಫಲ ನಮ್ಮದು. 1956ರ ನವೆಂಬರ್ 1ಕ್ಕೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಬೊಂಬಾಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯ ಸೇರಿದವು. ಮಹಾರಾಷ್ಟ್ರ ರಾಜ್ಯ ಹುಟ್ಟಿದ್ದು 1960ರ ಮೇ 1ಕ್ಕೆ. ಅದಕ್ಕೂ ಮುಂಚೆ ಶತಮಾನಕ್ಕೂ ಹೆಚ್ಚು ಕಾಲ ಬಿಜಾಪುರದವನಿಗೂ ಧಾರವಾಡದವನಿಗೂ ರಾಜಧಾನಿ ಎಂದರೆ ಇದೇ ಊರು. ನಾನು ಹುಟ್ಟಿದ ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿಗೆ ಸೇರಿತ್ತು.

ಇನ್ನೂ ಮುಂದೆ ಕಾಳಾ ಘೋಡಾ. ವೇಲ್ಸ್‌ನ ರಾಜಕುಮಾರನಾಗಿದ್ದ, ಮುಂದೆ ಏಳನೇ ಎಡ್ವರ್ಡ್ ಆದವನ ಕುದುರೆ ಸವಾರಿಯ ಕಪ್ಪು ಪ್ರತಿಮೆಯನ್ನು ಸಸೂನ್ ಮನೆತನದವರು 1879ರಲ್ಲಿ ಊರಿಗೆ ಕೊಟ್ಟಿದ್ದರು. 1965ರಲ್ಲಿ ಅದನ್ನು ಇಲ್ಲಿಂದ ಎತ್ತಿ ಬೈಕಲಾದ ಉದ್ಯಾನಕ್ಕೆ ಸಾಗಿಸಿದರು. ಪ್ರತಿಮೆ ಹೋಯಿತು, ಜಾಗದ ಹೆಸರು ಉಳಿಯಿತು. 2017ರಲ್ಲಿ ಇದೇ ವಠಾರದಲ್ಲಿ ಹೊಸ ಕಪ್ಪು ಕುದುರೆಯೊಂದನ್ನು ನಿಲ್ಲಿಸಿದ್ದಾರೆ. ಇದರ ಬೆನ್ನ ಮೇಲೆ ಯಾರೂ ಇಲ್ಲ. "ಇದು ಛಲೋ ಆತು. ಕುದುರಿ ಇರಲಿ, ರಾಜ ಬ್ಯಾಡ," ಎಂದ ಮಾಸ್ತರ.

ಗೋಳಗುಮ್ಮಟದ ಕಮಾನಿನ ಕೆಳಗೆ

ವಸ್ತುಸಂಗ್ರಹಾಲಯದ ಬಾಗಿಲು ತೆರೆಯುವುದು ಹತ್ತೂಕಾಲಿಗೆ. ತೆಂಗು, ಪಾಮ್ ಮರಗಳ ತೋಟದ ನಡುವೆ ಬೂದು ಮತ್ತು ಹಳದಿ ಕಲ್ಲಿನ ಕಟ್ಟಡ: ಬೂದು ಕಲ್ಲು ಕುರ್ಲಾದ್ದು, ಹಳದಿ ಕಲ್ಲು ಮಲಾಡಿನದು. 1905ರ ನವೆಂಬರಿನಲ್ಲಿ ಅಡಿಗಲ್ಲಿಟ್ಟವನು ಅಂದಿನ ವೇಲ್ಸ್ ರಾಜಕುಮಾರ, ಮುಂದಿನ ಐದನೇ ಜಾರ್ಜ್. ನಕ್ಷೆ ಮಾಡಿದವನು ಜಾರ್ಜ್ ವಿಟೆಟ್. ಗೇಟ್‌ವೇ ಆಫ್ ಇಂಡಿಯಾ ಕೂಡ ಇವನದೇ. ಕಟ್ಟಡ 1914ಕ್ಕೆ ಸಿದ್ಧವಾದರೂ ಮೊದಲ ಮಹಾಯುದ್ಧ ಅಡ್ಡ ಬಂದು ಮಿಲಿಟರಿ ಆಸ್ಪತ್ರೆಯಾಯಿತು. ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದದ್ದು 1922ರ ಜನವರಿಯಲ್ಲಿ. ಪ್ರಿನ್ಸ್ ಆಫ್ ವೇಲ್ಸ್ ಎಂಬ ಹೆಸರು ಹೋಗಿ ಶಿವಾಜಿ ಮಹಾರಾಜರ ಹೆಸರು ಬಂದದ್ದು 1990ರ ದಶಕದಲ್ಲಿ.

ಒಳಗೆ ಕಾಲಿಟ್ಟ ಬಿಜಾಪುರ ಸೀಮೆಯವನು ಮೊದಲು ನೋಡಬೇಕಾದದ್ದು ಗಾಜಿನ ಪೆಟ್ಟಿಗೆಗಳನ್ನಲ್ಲ, ನೆತ್ತಿಯ ಮೇಲಿನ ಗುಮ್ಮಟವನ್ನು. ವಿಟೆಟ್ ಹೊರಗಿನ ಗುಮ್ಮಟಕ್ಕೆ ಗೋಲ್ಕೊಂಡದ ಮಾದರಿ ಹಿಡಿದರೆ, ಒಳಗೆ ಅದನ್ನು ಹೊರುವ ಕಮಾನುಗಳನ್ನು ತೆಗೆದುಕೊಂಡದ್ದು ನಮ್ಮ ಗೋಳಗುಮ್ಮಟದಿಂದ. ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯಲ್ಲಿ ನಾಲ್ಕು ಮೂಲೆಯ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸಬೇಕಿತ್ತು. ಬಿಜಾಪುರದ ಮೇಸ್ತ್ರಿಗಳು ಒಂದನ್ನೊಂದು ಹಾದುಹೋಗುವ ಕಮಾನುಗಳನ್ನೆಬ್ಬಿಸಿ, ಚೌಕವನ್ನು ಮೇಲೇರುತ್ತ ದುಂಡಗೆ ತಿರುಗಿಸಿದರು. ಎರಡೂವರೆ ಶತಮಾನದ ಮೇಲೆ ಇಂಗ್ಲಿಷ್ ವಾಸ್ತುಶಿಲ್ಪಿಯೊಬ್ಬ ಬೊಂಬಾಯಿಯಲ್ಲಿ ಅದೇ ಲೆಕ್ಕವನ್ನು ಮತ್ತೆ ಬಿಡಿಸಿದ. ಮೇಲಿನ ಅಂತಸ್ತಿನ ಸುತ್ತ ಕಾಣುವ ಮರದ ಕಮಾನುಗಳ ಸಾಲು ನಾಸಿಕದ ಹಳೆಯ ವಾಡೆಯೊಂದರ ಹರಾಜಿನಲ್ಲಿ ಕೊಂಡು ತಂದದ್ದು. ಒಳಗಿರುವ ವಸ್ತುಗಳ ಮಾತು ಹಾಗಿರಲಿ, ಕಟ್ಟಡವೇ ಹತ್ತೂರಿನದು.

ಮಾಸ್ತರ ಶಿಲ್ಪ ವಿಭಾಗಕ್ಕೆ ಹೋದವನು ಬೇರೆಲ್ಲೂ ಕಣ್ಣು ಹಾಯಿಸದೆ ಬ್ರಹ್ಮನ ಮುಂದೆ ನಿಂತ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಪಾಠ ಶುರು. ಛಾವಣಿಯ ಶಿಲ್ಪ ಕಡೆಯುವುದು ಗೋಡೆಯ ಶಿಲ್ಪ ಕಡೆದಂತಲ್ಲ. ನೋಡುವವನು ಕೆಳಗಿದ್ದಾನೆ, ಬೆಳಕು ಬಾಗಿಲಿನಿಂದ ನೆಲಕ್ಕೆ ಬಿದ್ದು ಅಲ್ಲಿಂದ ಮೇಲಕ್ಕೆ ಹಾರುತ್ತದೆ. ಆ ಮಬ್ಬಿನಲ್ಲೂ ಆಕೃತಿ ಬಿಡಿಬಿಡಿಯಾಗಿ ಕಾಣಬೇಕಾದರೆ ಉಬ್ಬು ಹೆಚ್ಚಿರಬೇಕು, ಗೆರೆ ಸರಳವಾಗಿರಬೇಕು. ಗೋಡೆಗೆ ನಿಲ್ಲಿಸಿದಾಗ ದೇವರು ನಮ್ಮ ಎದುರಾಳಿಯಾಗುತ್ತಾನೆ. ಛಾವಣಿಯಲ್ಲಿದ್ದಾಗ ನಾವು ಅವನ ನೆರಳಿನಲ್ಲಿರುತ್ತೇವೆ. "ಇಲ್ಲಿ ಮುಖ ಛಲೋ ಕಾಣ್ತದ. ಆದರ ಕತ್ತು ನೋಯಲಿಲ್ಲ ನೋಡು. ಐಹೊಳಿಯೊಳಗ ಕತ್ತು ನೋಯಬೇಕು," ಎಂದ. ವಸ್ತುಸಂಗ್ರಹಾಲಯ ಏನನ್ನು ಕೊಡುತ್ತದೆ, ಏನನ್ನು ಕಳೆಯುತ್ತದೆ ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಹಾಗಾದರೆ ಇವು ಇಲ್ಲಿಗೆ ಬಂದದ್ದು ಹೇಗೆ? ಉತ್ತರ ಹುತಾತ್ಮಾ ಚೌಕದಲ್ಲೇ ಸಿಕ್ಕಿತ್ತು. ಐಹೊಳೆ ಆಗ ಬೊಂಬಾಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಯ ಹಳ್ಳಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ಪಶ್ಚಿಮ ವಲಯದ ಅಧಿಕಾರಿಗಳು ಪ್ರಾಂತ್ಯದ ಉದ್ದಗಲ ತಿರುಗಿ ಗುಡಿಗಳ ಪಟ್ಟಿ ಮಾಡಿದರು, ಅಳೆದರು, ಫೋಟೊ ತೆಗೆದರು. ಅವರಲ್ಲಿ ಹೆನ್ರಿ ಕಸಿನ್ಸ್ ಎಂಬಾತ ನಮ್ಮ ಸೀಮೆಯ ಮಟ್ಟಿಗೆ ದೊಡ್ಡ ಹೆಸರು. ಬಿಜಾಪುರದ ಕಟ್ಟಡಗಳ ಮೇಲೆ 1916ರಲ್ಲಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ 1926ರಲ್ಲಿ ಅವನ ಗ್ರಂಥಗಳು ಬಂದವು. ಆ ಕಾಲಕ್ಕೆ ಐಹೊಳೆಯ ಎಷ್ಟೋ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಿದ್ದವನಿಂದ. ಪ್ರಾಂತ್ಯದ ರಾಜಧಾನಿಯಲ್ಲಿ ದೊಡ್ಡ ವಸ್ತುಸಂಗ್ರಹಾಲಯ ಎದ್ದಾಗ ಜಿಲ್ಲೆಯ ಕಲ್ಲು ಅಲ್ಲಿಗೆ ಹೋದದ್ದು ಆಡಳಿತದ ಸಹಜ ನಡೆ: ಕಂದಾಯ ಹೋಗುತ್ತಿದ್ದ ದಾರಿಯಲ್ಲೇ ಕಲ್ಲೂ ಹೋಯಿತು.

ಇದಕ್ಕೆ ಸಾಕ್ಷಿ ಇದೇ ಕಟ್ಟಡದಲ್ಲಿದೆ. ಸಿಂಧ್ ಸೀಮೆಯ ಮೀರ್‌ಪುರ್ ಖಾಸ್‌ನ ಬೌದ್ಧ ಸ್ತೂಪದಿಂದ ತಂದ ಸುಟ್ಟ ಮಣ್ಣಿನ ಬುದ್ಧನ ಫಲಕಗಳು ಈ ಸಂಗ್ರಹದ ಹೆಮ್ಮೆ. ಅವುಗಳ ಜೊತೆ ಸಿಕ್ಕ, ಕೈಯಲ್ಲಿ ಕಮಲ ಹಿಡಿದ ಗುಂಗುರು ಕೂದಲಿನ ಮನುಷ್ಯನೊಬ್ಬನಿದ್ದಾನೆ. ಅವನ ಮೈಮೇಲೆ ಹಳೆಯ ಬಣ್ಣದ ಗುರುತು ಈಗಲೂ ಉಂಟು. ಮೀರ್‌ಪುರ್ ಖಾಸ್ ಈಗ ಪಾಕಿಸ್ತಾನದಲ್ಲಿದೆ. ಸಿಂಧ್ 1936ರವರೆಗೆ ಬೊಂಬಾಯಿ ಪ್ರಾಂತ್ಯದ ಭಾಗವಾಗಿತ್ತು, ಆ ಸ್ತೂಪವನ್ನು ಅಗೆದವನೂ ಇದೇ ಕಸಿನ್ಸ್. ಐಹೊಳೆಯ ಬ್ರಹ್ಮ, ಸಿಂಧ್‌ನ ಬುದ್ಧ ಒಂದೇ ಸೂರಿನಡಿ ಬಂದದ್ದು ಕಲೆಯ ನಂಟಿನಿಂದಲ್ಲ, ಜಿಲ್ಲಾ ನಕ್ಷೆಯಿಂದ. ಆ ನಕ್ಷೆ ಹರಿದು ಮೂರು ರಾಜ್ಯ, ಎರಡು ದೇಶವಾಯಿತು. ಕಲ್ಲು, ಮಣ್ಣು ಇದ್ದಲ್ಲೇ ಉಳಿದವು.

ಮಾಸ್ತರನಿಗೆ ಇನ್ನೊಂದು ಅಚ್ಚರಿ ಕಾದಿತ್ತು: ಶ್ರವಣಬೆಳಗೊಳದ ಕಂಚಿನ ಬಾಹುಬಲಿ. ಮೊಳಕ್ಕಿಂತ ತುಸು ಎತ್ತರ ಅಷ್ಟೇ. ಹಿಂದಕ್ಕೆ ಬಾಚಿದ ಕೂದಲು ಭುಜದ ಮೇಲೆ ಎಳೆಎಳೆಯಾಗಿ ಇಳಿದಿದೆ, ಕೈಕಾಲಿಗೆ ಬಳ್ಳಿ ಹಬ್ಬಿದೆ. ವಿದ್ವಾಂಸರು ಇದನ್ನು ಎಂಟು–ಒಂಬತ್ತನೇ ಶತಮಾನದ್ದೆನ್ನುತ್ತಾರೆ. ಅಂದರೆ ಹತ್ತನೇ ಶತಮಾನದ ಕೊನೆಯಲ್ಲಿ ಚಾವುಂಡರಾಯ ವಿಂಧ್ಯಗಿರಿಯ ಮೇಲೆ ಸುಮಾರು 57 ಅಡಿಯ ಗೊಮ್ಮಟನನ್ನು ನಿಲ್ಲಿಸುವ ಮೊದಲೇ ಈ ಪುಟ್ಟ ಬಾಹುಬಲಿ ಧ್ಯಾನಕ್ಕೆ ನಿಂತಿದ್ದ. ದೊಡ್ಡ ಗೊಮ್ಮಟನ ಎದುರು ನಾವು ಕುಗ್ಗುತ್ತೇವೆ. ಇವನೆದುರು ಬಾಗಿ, ಬೆರಳ ತುದಿ, ತುಟಿಯ ಗೆರೆ ನೋಡಬಹುದು. "ಶ್ರವಣಬೆಳಗೊಳ ಮೈಸೂರು ಸಂಸ್ಥಾನದ್ದಲ್ಲೋ? ನಿನ್ನ ಕಂದಾಯದ ಲೆಕ್ಕ ಇಲ್ಲಿ ಹೊಂದಂಗಿಲ್ಲ," ಎಂದು ಮಾಸ್ತರ ಚುಚ್ಚಿದ. ನಿಜ, ಎಲ್ಲವೂ ಸರಕಾರಿ ದಾರಿಯಲ್ಲೇ ಬರುವುದಿಲ್ಲ. ದಾನ, ಖರೀದಿ, ಹರಾಜು, ಮನೆತನಗಳ ಸಂಗ್ರಹ ಎಂದು ಹತ್ತಾರು ದಾರಿಗಳಿವೆ. ಈ ಸಂಗ್ರಹಾಲಯದ ದೊಡ್ಡ ಪಾಲು ರತನ್ ಟಾಟಾ, ದೊರಾಬ್ಜಿ ಟಾಟಾ ಸೋದರರಂಥ ಸಂಗ್ರಾಹಕರು ಕೊಟ್ಟದ್ದು. ಪ್ರತಿ ವಸ್ತುವಿಗೂ ಅದರದೇ ಪ್ರಯಾಣವಿದೆ, ಕೇಳಿದರೆ ಮಾತ್ರ ತಿಳಿಯುತ್ತದೆ.

ಸುಮಾರು ಐವತ್ತು ಸಾವಿರ ವಸ್ತುಗಳಿರುವ ಈ ಸಂಗ್ರಹವನ್ನು ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತೇನೆ ಎಂದು ಹೊರಟರೆ ಮದುವೆ ಊಟದ ಎಲ್ಲ ಪಂಕ್ತಿಯಲ್ಲೂ ಕೂತು ಬಂದವನ ಗತಿಯಾಗುತ್ತದೆ. ನಾವು ಮೊಗಲರ ಕಾಲದ ಆಯುಧ, ಚೀನಾದ ಪಿಂಗಾಣಿ, ಯುರೋಪಿನ ತೈಲಚಿತ್ರಗಳನ್ನು ನಡೆದಾಡುತ್ತಲೇ ನೋಡಿ ಹೊರಬಿದ್ದೆವು. ನೋಡಬೇಕೆಂದು ಬಂದದ್ದನ್ನು ನಿಂತು ನೋಡಿಯಾಗಿತ್ತು.

ರೈಸ್ ಪ್ಲೇಟು, ಹೆಬ್ಬಾರರು ಮತ್ತು ಗಡಿಯಾರದ ಗೋಪುರ

ಮಧ್ಯಾಹ್ನ ಫೋರ್ಟಿನ ಗಲ್ಲಿಯೊಂದರ ಶೆಟ್ಟರ ಹೋಟೆಲಿನಲ್ಲಿ ರೈಸ್ ಪ್ಲೇಟು. ಕಚೇರಿ ಜನರ ನೂಕುನುಗ್ಗಲು. ಗಲ್ಲಾದಲ್ಲಿದ್ದ ಹಿರಿಯರು ನಮ್ಮ ಮಾತು ಕೇಳಿ, "ನಿಮ್ದ್ ಯಾವೂರ್ ಮರಾಯ್ರೆ?" ಎಂದು ಕುಂದಾಪುರದ ಕನ್ನಡದಲ್ಲಿ ವಿಚಾರಿಸಿದರು. ಐಹೊಳೆ ಕಲ್ಲಿನ ಕತೆ ಹೇಳಿದರೆ ನಕ್ಕರು: "ನಾವೂ ಹಾಂಗೇ ಬಂದದ್ದ್. ನಮ್ಮನ್ನ್ ಯಾರೂ ಗಾಜಿನ್ ಪೆಟ್ಗಿಗ್ ಹಾಕ್ಲಿಲ್ಲ, ಅಷ್ಟೇ."

ಅವರ ಮಾತಿನಲ್ಲಿ ಹುರುಳಿದೆ. ಈ ಫೋರ್ಟಿನ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರೇ ಇದೆ. ಹೋಟೆಲು, ಬ್ಯಾಂಕು, ಗಿರಣಿ, ಕಚೇರಿ ಎಂದು ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಜನ ಬಂದರು. ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಈ ಊರಿನಲ್ಲೇ ಬಾಳಿ 'ಶಿಕಾರಿ' ಬರೆದರು. ಮುಂಬೈಯನ್ನು ಬಿಟ್ಟು ಕನ್ನಡ ಕಾದಂಬರಿಯ ಚರಿತ್ರೆ ಬರೆಯಲಾಗದು.

ಕಲೆಯ ಚರಿತ್ರೆಯೂ ಅಷ್ಟೇ. ವಸ್ತುಸಂಗ್ರಹಾಲಯಕ್ಕೆ ಒತ್ತಿಕೊಂಡೇ ಇರುವ ಜಹಾಂಗೀರ್ ಕಲಾ ಗ್ಯಾಲರಿ 1952ರದು. ಸರ್ ಕಾವಸ್‌ಜಿ ಜಹಾಂಗೀರ್ ಹಣ ಕೊಟ್ಟು ಕಟ್ಟಿಸಿದ ಈ ಗ್ಯಾಲರಿಗಾಗಿ ಬೆನ್ನುಹತ್ತಿ ಒತ್ತಾಯಿಸಿದವರು ಇಬ್ಬರು: ವಿಜ್ಞಾನಿ ಹೋಮಿ ಭಾಭಾ ಮತ್ತು ಉಡುಪಿ ಬಳಿಯ ಕಟ್ಟಿಂಗೇರಿಯ ಕೃಷ್ಣ ಹೆಬ್ಬಾರರು. ಕೆ. ಕೆ. ಹೆಬ್ಬಾರರು ಓದಿದ್ದು ಬೋರಿಬಂದರದ ಹತ್ತಿರದ ಅದೇ ಜೆ. ಜೆ. ಸ್ಕೂಲಿನಲ್ಲಿ. ಯಕ್ಷಗಾನದ ಕುಣಿತ ನೋಡುತ್ತ ಬೆಳೆದವರು ಒಂದೇ ಓಟದ ಗೆರೆಯಲ್ಲಿ ನರ್ತಕರನ್ನು ಹಿಡಿಯುವುದಕ್ಕೆ ಹೆಸರಾದರು. ಹೊಸ ಕಲಾವಿದರಿಗೆ ಚಿತ್ರ ತೂಗುಹಾಕಲು ಊರ ನಡುವೆ ಒಂದು ಗೋಡೆ ಬೇಕು ಎಂಬ ಹಂಬಲಕ್ಕೆ ಸಿಕ್ಕ ಫಲ ಈ ಗ್ಯಾಲರಿ. ಒಳಗೆ ಹೋಗಲು ಟಿಕೆಟ್ ಇಲ್ಲ. ನಾವು ಹೋದಾಗ ಯುವ ಕಲಾವಿದರೊಬ್ಬರು ತಮ್ಮ ಚಿತ್ರಗಳ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ವಿವರಿಸುತ್ತಿದ್ದರು. ಮಾಸ್ತರ ಅವರನ್ನೂ ಬಿಡಲಿಲ್ಲ, ಯಾವೂರು, ಎಲ್ಲಿ ಕಲಿತದ್ದು ಎಂದೆಲ್ಲ ಕೇಳಿದ.

ಅಲ್ಲಿಂದ ಓವಲ್ ಮೈದಾನದ ಕಡೆ ಹೊರಳಿದರೆ ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ. ಹತ್ತಿಯ ವ್ಯಾಪಾರದಲ್ಲಿ ಹಣ ಮಾಡಿದ ಪ್ರೇಮಚಂದ್ ರಾಯಚಂದ್ ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. 1878ರಲ್ಲಿ ಮುಗಿಯಿತು, ಎತ್ತರ 280 ಅಡಿ. ಮೈದಾನದ ಒಂದು ಬದಿಗೆ ಈ ಗೋಥಿಕ್ ಕಟ್ಟಡಗಳ ಸಾಲು, ಎದುರು ಬದಿಗೆ 1930ರ ನಂತರದ ಆರ್ಟ್ ಡೆಕೊ ಮನೆಗಳ ಸಾಲು. ನಡುವೆ ಹುಡುಗರ ಹತ್ತಾರು ಕ್ರಿಕೆಟ್ ಪಂದ್ಯ. ಈ ಇಡೀ ವಠಾರ 2018ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು.

ಧಾರವಾಡದಲ್ಲಿ ಓದಿದ ನಮ್ಮಿಬ್ಬರಿಗೂ ಈ ಗೋಪುರ ಬರೀ ಗೋಪುರವಲ್ಲ. 1857ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯವೇ ಸ್ವಾತಂತ್ರ್ಯದವರೆಗೂ ನಮ್ಮ ಸೀಮೆಯ ಕಾಲೇಜುಗಳಿಗೆ ಪದವಿ ಕೊಡುತ್ತಿತ್ತು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಶುರುವಾದಾಗ ಸೇರಿದ್ದೂ ಇದಕ್ಕೇ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದು ಧಾರವಾಡದಲ್ಲಲ್ಲ, ಇದೇ ಬೊಂಬಾಯಿಯಲ್ಲಿ. ಕಚೇರಿ ಧಾರವಾಡಕ್ಕೆ ಹೋದದ್ದು ಮರುವರ್ಷ. ಐಹೊಳೆಯಿಂದ ಕಲ್ಲು ಇಲ್ಲಿಗೆ ಬಂತು, ಇಲ್ಲಿಂದ ವಿಶ್ವವಿದ್ಯಾಲಯವೊಂದು ನಮ್ಮ ಕಡೆಗೆ ಹೋಯಿತು. ಲೆಕ್ಕ ಸರಿಯಾಯಿತೆಂದು ನಾನು ಹೇಳುವುದಿಲ್ಲ. ಆದರೆ ಕಳೆದುಕೊಂಡ ಪಟ್ಟಿ ಬರೆಯುವಾಗ ಪಡೆದುಕೊಂಡದ್ದನ್ನೂ ಪಕ್ಕದಲ್ಲೇ ಬರೆಯಬೇಕು.

ಲಂಡನ್ನಿಗೆ ಹೋಗದೆ ಉಳಿದ ಆನೆ

ಬೋರಿಬಂದರಕ್ಕೆ ಮರಳಿ ಲೋಕಲ್ ಹತ್ತಿದರೆ ಮೂರನೇ ಸ್ಟೇಷನ್ ಬೈಕಲಾ. ಇಳಿದು ಪೂರ್ವಕ್ಕೆ ಸ್ವಲ್ಪ ನಡೆದರೆ ರಾಣಿಬಾಗ್, ಅಂದರೆ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಪ್ರಾಣಿಸಂಗ್ರಹಾಲಯಕ್ಕೆ ಮಕ್ಕಳ ಸಾಲು ಹನುಮಂತನ ಬಾಲದಂತಿದ್ದರೆ, ಪಕ್ಕದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ನಾಲ್ಕೈದು ಜನ.

ಇದು ಮುಂಬೈಯ ಅತ್ಯಂತ ಹಳೆಯ ವಸ್ತುಸಂಗ್ರಹಾಲಯ. 1872ರಲ್ಲಿ ಈ ಕಟ್ಟಡ ತೆರೆದಾಗ ವಿಕ್ಟೋರಿಯಾ ರಾಣಿ ಮತ್ತು ಆಕೆಯ ಗಂಡ ಆಲ್ಬರ್ಟ್‌ನ ಹೆಸರಿತ್ತು. ಶತಮಾನ ಕಳೆದ ಮೇಲೆ, 1975ರಲ್ಲಿ, ಇದರ ಸ್ಥಾಪನೆಗಾಗಿ ದುಡಿದ ಭಾವು ದಾಜಿಯವರ ಹೆಸರಿಟ್ಟರು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಮೊದಲ ತಂಡದ ಪದವೀಧರರಾದ ಅವರು ಬಡವರಿಗೆ ಮದ್ದು ಕೊಡುತ್ತಲೇ ಶಾಸನ, ನಾಣ್ಯ, ಸಂಸ್ಕೃತ ಗ್ರಂಥಗಳ ಬೆನ್ನು ಬಿದ್ದವರು. ಒಳಗಿನ ಹಸಿರು, ಬಂಗಾರದ ಬಣ್ಣ, ಎರಕದ ಕಬ್ಬಿಣದ ಕಂಬಗಳು, ಚಿತ್ತಾರದ ನೆಲ ಎಲ್ಲವೂ ಒಂದು ಕಾಲಕ್ಕೆ ಹಾಳುಬಿದ್ದಿದ್ದವು. ಐದು ವರ್ಷ ನಡೆದ ಜೀರ್ಣೋದ್ಧಾರ ಮುಗಿದು 2008ರಲ್ಲಿ ಮತ್ತೆ ತೆರೆದಾಗ ದೇಶವೇ ಮೆಚ್ಚಿತು. ಕೆಲಸ ನಡೆಯುತ್ತಿದ್ದಾಗಲೇ, 2005ರಲ್ಲಿ, ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಪ್ರಶಸ್ತಿ ಬಂದಿತ್ತು.

ಇಲ್ಲಿ ದೇವರುಗಳಿಗಿಂತ ಜನ ಹೆಚ್ಚು. ಮುಂಬೈಯ ಜಾತಿ, ಕಸುಬು, ಮುಂಡಾಸುಗಳನ್ನು ಒಂದೊಂದಾಗಿ ತೋರಿಸುವ ಮಣ್ಣಿನ ಗೊಂಬೆಗಳು, ಹಡಗಿನ ಮಾದರಿಗಳು, ಏಳು ದ್ವೀಪಗಳನ್ನು ಸಮುದ್ರ ತುಂಬಿ ಒಂದು ಮಾಡಿದ ಕತೆ ಹೇಳುವ ನಕ್ಷೆಗಳು. ದೊರೆಗಳು ತಾವು ಆಳುವ ಜನರನ್ನು ಮಾದರಿ ಮಾಡಿ ಕಪಾಟಿನಲ್ಲಿಟ್ಟುಕೊಂಡ ರೀತಿ ಇದು. ಗೊಂಬೆ ಚೆನ್ನಾಗಿವೆ ಎಂದು ಮೆಚ್ಚುತ್ತಲೇ, ಇದನ್ನು ಯಾರು ಯಾಕೆ ಮಾಡಿಸಿದರು ಎಂದು ಕೇಳಿಕೊಳ್ಳದೆ ಮುಂದೆ ಹೋಗಬಾರದು.

ಹೊರಗೆ ಅಂಗಳದಲ್ಲಿ ಕಲ್ಲಿನ ಆನೆ. ಘಾರಾಪುರಿ ದ್ವೀಪದ ದಡದಲ್ಲಿ ನಿಂತಿದ್ದ ಈ ಆನೆಯನ್ನು ನೋಡಿಯೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದದ್ದು. 19ನೇ ಶತಮಾನದಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಕ್ರೇನು ಮುರಿದು ಆನೆ ಚೂರಾಯಿತು. ಚೂರುಗಳು 1864ರಲ್ಲಿ ಈ ಉದ್ಯಾನಕ್ಕೆ ಬಂದವು, 1914ರಲ್ಲಿ ಅವನ್ನು ಜೋಡಿಸಿ ನಿಲ್ಲಿಸಿದರು. ಕಾಳಾ ಘೋಡಾದಿಂದ ಎತ್ತಿ ತಂದ ಎಡ್ವರ್ಡನೂ ಇದೇ ಉದ್ಯಾನದಲ್ಲಿ ಕುದುರೆ ಮೇಲೆ ಕೂತಿದ್ದಾನೆ. ಆಳುವವರ ದೇಶಕ್ಕೆ ಹೊರಟಿದ್ದ ಆನೆ ಇಲ್ಲೇ ನಿಂತಿತು, ಆ ದೇಶದಿಂದ ಬಂದ ದೊರೆಯೂ ಅದರ ನೆರೆಗೇ ಬಂದು ಬಿದ್ದ.

ಮಾಸ್ತರ ಆನೆಯ ಸುತ್ತ ಒಂದು ಸುತ್ತು ಹಾಕಿ ಐಹೊಳೆಗೇ ಮರಳಿದ. ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳ ವಿವರವಿದೆ. ಅವನು ಹಡಗುಗಳ ದಂಡು ಕಟ್ಟಿ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮುತ್ತಿದ ಸಂಗತಿಯೂ ಅದರಲ್ಲಿ ಬರುತ್ತದೆ. ಆ ಪುರಿ ಈ ಘಾರಾಪುರಿಯೇ ಇರಬೇಕು ಎನ್ನುವ ಇತಿಹಾಸಕಾರರಿದ್ದಾರೆ. "ಅಂದ್ರ ಮೊದಲ ಬಂದಾವ್ರು ನಾವ. ಹಡಗಿನ್ಯಾಗ ಬಂದಿದ್ವಿ, ಲೂಟಿ ಮಾಡಾಕ. ಅದೂ ಐಹೊಳಿ ಕಲ್ಲಿನ ಮ್ಯಾಲೇ ಬರದೈತಿ," ಎಂದ. ಬೆಳಿಗ್ಗೆಯಿಂದ ನಮ್ಮ ಕಲ್ಲು ತಂದರು ಎಂದು ಬೇಸರಿಸುತ್ತಿದ್ದವನು ಸಂಜೆಯ ಹೊತ್ತಿಗೆ ತಾನೇ ಇನ್ನೊಂದು ಪುಟ ತೆರೆದಿದ್ದ. ಒಳ್ಳೆಯ ಇತಿಹಾಸದ ಮೇಷ್ಟರ ಗುರುತು ಇದು.

ರಾತ್ರಿ ಮಾಟುಂಗಾ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವ, 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಊಟದ ಮನೆ ಇರುವ ಪೇಟೆ. ಬಾಳೆಎಲೆಯ ಊಟ ಮುಗಿಸಿ ಹೊರಬರುವಾಗ ಮಾಸ್ತರ ಎತ್ತಿದ್ದು ದಿನವಿಡೀ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ: ನಮ್ಮ ಕಲ್ಲನ್ನು ವಾಪಸ್ ಕೇಳಬಾರದೇ?

ವಾಪಸ್ ಕೇಳುವ ಮೊದಲು

ವಿದೇಶಕ್ಕೆ ಕದ್ದೊಯ್ದ ವಿಗ್ರಹಗಳ ಮಾತು ಬೇರೆ, ಅವು ಮರಳಿ ಬರಲೇಬೇಕು. ಒಂದೇ ದೇಶದೊಳಗೆ, ಕಾನೂನಿನ ಪ್ರಕಾರವೇ ಒಂದು ಪ್ರಾಂತ್ಯದ ರಾಜಧಾನಿಗೆ ಬಂದ ಕಲ್ಲುಗಳ ವಿಷಯದಲ್ಲಿ ನನಗೆ ಅಷ್ಟು ಆತುರವಿಲ್ಲ. ಜನ ಒಲೆ ಹೂಡಿದ್ದ ಗುಡಿಗಳ ಕಾಲದಲ್ಲಿ ಅವು ಇಲ್ಲಿ ಸುರಕ್ಷಿತವಾಗಿ ಉಳಿದವು. ಇಲ್ಲಿರುವುದರಿಂದಲೇ ಐಹೊಳೆಯ ಹೆಸರನ್ನೇ ಕೇಳದ ಲಕ್ಷಾಂತರ ಜನ ಚಾಲುಕ್ಯರ ಕೈಚಳಕ ನೋಡುತ್ತಿದ್ದಾರೆ.

ಆದರೆ ಎರಡು ಕೆಲಸ ಆಗಬೇಕು. ಮೊದಲನೆಯದು, ವಸ್ತುವಿನ ಪಕ್ಕದ ಫಲಕ 'ಐಹೊಳೆ, ಏಳನೇ ಶತಮಾನ' ಎಂಬಲ್ಲಿಗೆ ನಿಲ್ಲದೆ, ಯಾವ ಗುಡಿಯ ಯಾವ ಅಂಕಣದ್ದು, ಯಾವಾಗ, ಯಾರು, ಯಾಕೆ ತಂದರು ಎಂಬುದನ್ನೂ ಹೇಳಬೇಕು. ಈ ಮಾತು ಮುಂಬೈಗೆ ಮಾತ್ರವಲ್ಲ, ಬೆಂಗಳೂರು, ಮೈಸೂರು, ಹಂಪಿಯ ಸಂಗ್ರಹಾಲಯಗಳಿಗೂ ಸಲ್ಲುತ್ತದೆ. ಅವುಗಳಲ್ಲೂ ಹತ್ತಾರು ಹಳ್ಳಿಗಳ ವೀರಗಲ್ಲು, ಮಾಸ್ತಿಗಲ್ಲುಗಳಿವೆ, ಆ ಹಳ್ಳಿಗಳವರಿಗೆ ಅದು ಗೊತ್ತಿಲ್ಲ. ಎರಡನೆಯದು, ಐಹೊಳೆಯಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಮುಂಬೈಯ ಹಾಸುಗಲ್ಲುಗಳ ಒಳ್ಳೆಯ ಅಚ್ಚುಪ್ರತಿಗಳನ್ನು ಅಲ್ಲಿ ಛಾವಣಿಗೇ ಜೋಡಿಸಿ ತೋರಿಸಿದರೆ, ಹುನಗುಂದದ ಮಕ್ಕಳು ಮಾಸ್ತರ ಬಯಸಿದಂತೆ ಕತ್ತು ನೋಯಿಸಿಕೊಂಡೇ ಅವನ್ನು ನೋಡಬಹುದು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಎರಡು ಸಂಸ್ಥೆಗಳ ನಡುವೆ ಒಂದು ಒಪ್ಪಂದ ಸಾಕು.

ಮುಂಬೈಗೆ ಹೋಗುವ ಓದುಗರಿಗೆ ಒಂದು ಮಾತು. ಬೆಳಗಿನ ಹೊತ್ತನ್ನು ದೊಡ್ಡ ವಸ್ತುಸಂಗ್ರಹಾಲಯಕ್ಕೆ, ಮಧ್ಯಾಹ್ನದ ನಂತರದ್ದನ್ನು ಬೈಕಲಾಕ್ಕೆ ಇಟ್ಟುಕೊಳ್ಳಿ. ಎರಡರಲ್ಲೂ ನಾಲ್ಕೈದು ವಸ್ತುಗಳನ್ನು ಮಾತ್ರ ಆರಿಸಿ ನಿಂತು ನೋಡಿ. ಜೊತೆಗೆ ವಾದಿಸುವ ಗೆಳೆಯರೊಬ್ಬರಿರಲಿ. ಬೈಕಲಾದ ವಸ್ತುಸಂಗ್ರಹಾಲಯಕ್ಕೆ ಬುಧವಾರ ರಜೆ.